ಪ್ರೂಫು

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಪ್ರೆಸ್ಸು.
ಮದುವೆ ಕಾರ್ಡು, ಹತ್ತಿ ಅಂಗಡಿ ರಸೀದಿ, ಶಿವಗಣಾರಾಧನೆಯ ಪತ್ರ,
ನಡುನಡುವೆ ನೀವು, ಹೊನ್ನೂರಬಿ ಮೇಡಂ.

ಮೊದಲು ಬಂದಾಗ ಮೇಡಂ ಅಲ್ಲ.
ಮಂಡಕ್ಕಿ ಭಟ್ಟಿಯ ಹುಡುಗಿ,
ತಲೆಗೂದಲಲ್ಲಿ ಹೊಟ್ಟಿನ ಬೂದಿ,
ಕೈಯಲ್ಲಿ ನಲವತ್ತು ಪುಟದ ನೋಟುಬುಕ್ಕು.
"ಎಷ್ಟಾಗುತ್ತೆ ಹಾಲೇಶಣ್ಣ?" ಹೇಳಿದೆ.
"ಅರ್ಧ ಪದ್ಯ ಹಾಕಿದ್ರೆ?"

ಇಪ್ಪತ್ತು ಪದ್ಯ, ಇನ್ನೂರು ಪ್ರತಿ.
ನಮ್ಮ ಕೇಸಿನಲ್ಲಿ 'ಜ್ಞ' ಇದ್ದದ್ದೇ ಮೂರು ಮೊಳೆ,
ಅದರಲ್ಲೊಂದರ ಮೂಗು ಮುರಿದಿತ್ತು.
ನಿಮಗೆ ಒಂದೇ ಪುಟದಲ್ಲಿ ಏಳು ಬೇಕು.
ಗಲ್ಲಾದ ಮುಂದೆ ನಿಂತೇ ತಿದ್ದಿದಿರಿ:
ಜ್ಞಾನ ಹೋಗಿ ಅರಿವು ಬಂತು,
ಅಜ್ಞಾನ ಹೋಗಿ ಮಬ್ಬು,
ಕೃತಜ್ಞತೆಗೆ ಏನೂ ಸಿಗದೆ
ಆ ಸಾಲನ್ನೇ ಹೊಡೆದು ಹಾಕಿದಿರಿ.
ಮುಂದೆ ಯಾರೋ ಪ್ರೊಫೆಸರು ಬರೆದರು,
ಸಂಸ್ಕೃತವನ್ನು ಬೇಕೆಂದೇ ಒಲ್ಲೆನೆಂದ ದಿಟ್ಟ ನುಡಿ, ಅಂತ.
ನಾನು ಓದಿ, ಮುರಿದ ಮೂಗಿನ ಮೊಳೆಯನ್ನು
ಸೀಮೆಎಣ್ಣೆಯಲ್ಲಿ ತೊಳೆದಿಟ್ಟೆ.

ಆಮೇಲೆ ನಾಟಕ.
ಗುಲಾಬಿ ಕಾಗದದ ಕರಪತ್ರ;
'ಇಂದೇ ಕೊನೆಯ ಪ್ರಯೋಗ' ಎಂದು
ಹನ್ನೊಂದು ದಿನ ಅಚ್ಚು ಹಾಕಿದೆ.
ಮೂರನೇ ಅಂಕದಲ್ಲಿ ಭಟ್ಟಿಯ ಮುದುಕಿ ಸಾಯಬೇಕು.
ಮೊದಲ ರಾತ್ರಿ ಮುಂದಿನ ಚಾಪೆಯಿಂದ ಒಬ್ಬಳು ಎದ್ದು
"ಯಾಕೆ ಸಾಯ್ಬೇಕು? ನಾಳೆ ಅಕ್ಕಿ ಹುರಿಯೋರ್ಯಾರು?" ಅಂದಳು.
ನಿಮ್ಮ ತಾಯಿ ಅಂತ ಆಮೇಲೆ ಗೊತ್ತಾಯಿತು.
ಮರುದಿನ ಮುದುಕಿ ಕೆಮ್ಮಿ, ಎದ್ದು, ಜರಡಿ ಕೇಳಿದಳು.
ನಾನು ಪುಸ್ತಕದ ಫಾರ್ಮು ಬಿಚ್ಚಿ ಮತ್ತೆ ಕಟ್ಟಿದೆ,
ರಾತ್ರಿಯಿಡೀ, ಕಾಸು ಕೇಳದೆ.
ಇದನ್ನು ನೀವು ಯಾವ ಸಂದರ್ಶನದಲ್ಲೂ ಹೇಳಿಲ್ಲ.
ಇರಲಿ.

ಮಿಲ್ಲಿನ ಸೈರನ್ನು ನಿಂತಿತು. ನಾಟಕದ ಕಂಪನಿ
ತಗಡು ಬಿಚ್ಚಿಕೊಂಡು ಹೋಯಿತು.
ಮೊಳೆಗಳನ್ನು ನಾನೇ ಗುಜರಿಗೆ ತೂಗಿಸಿದೆ,
ಭಾಷೆಯೆಲ್ಲ ಸೇರಿ ಒಂದು ಕ್ವಿಂಟಲ್ ಚಿಲ್ಲರೆ.
ಈಗ ಮಗಳು ಕಂಪ್ಯೂಟರಿನಲ್ಲಿ ಕೂರುತ್ತಾಳೆ,
ಬೇಕಾದಷ್ಟು ಜ್ಞ, ಒತ್ತಿದರೆ ಸಾಕು.
ನೀವು ಮಾತ್ರ ಇವತ್ತಿಗೂ ಅರಿವು, ಮಬ್ಬು.
ಅಭ್ಯಾಸವೋ, ಹಟವೋ.

ನಿನ್ನೆ ಹೊಸ ಹಸ್ತಪ್ರತಿ ತಂದಿರಿ.
ರಾಜ್ಯದ ಪ್ರಶಸ್ತಿ ಬಂದ ಮೇಲಿನದು,
ಬೆಂಗಳೂರಲ್ಲಿ ಹಾಕಿಸಬಹುದಿತ್ತು.
ಅರ್ಪಣೆಯ ಪುಟದಲ್ಲಿ ಎರಡೇ ಪದ:
'ಮುರಿದ ಮೂಗಿಗೆ'.
ಮಗಳು ಕೇಳಿದಳು, ಇದೇನು ತಪ್ಪಾ, ತಿದ್ದಲಾ?
ಕನ್ನಡಕ ಒರೆಸಿಕೊಂಡೆ. ಹಾಗೇ ಬಿಡು ಅಂದೆ.

ರೈಲ್ವೆ ಗೇಟು ಬಿದ್ದಿದೆ ಮೇಡಂ,
ಈಗೆಲ್ಲಿ ಹೋಗ್ತೀರಿ, ಕೂತ್ಕೊಳ್ಳಿ, ಚಾ ತರಿಸ್ತೀನಿ.
ಹದಿನೆಂಟನೇ ಪುಟ ನೋಡಿ,
'ಅಮ್ಮ'ನಿಗೆ ಒತ್ತು ಬಿಟ್ಟಿದ್ದೀರಿ.