ಮನೆ ಎಳೆದ ದಿನ

ಒಟಿಲಿಯಾ ಫೋನಿನಲ್ಲಿ ಅಂದದ್ದು ಇಷ್ಟೇ:
"ಹದಿನಾಲ್ಕಕ್ಕೆ ಮನೆ ಎಳೆಸ್ತಿದೀನಿ. ಕೈ ಕಮ್ಮಿ ಬಿದ್ದಾವೆ."
ಬನ್ನಿ ಅನ್ನಲಿಲ್ಲ. ಎಂಬತ್ತೊಂದು ವರ್ಷದಲ್ಲಿ
ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

ಮನೆಯೇ? ಅವಳಿಗೆ?
ನಾವು ಕಂಡದ್ದು ವಾಲ್ಪರೈಸೊದಲ್ಲಿ, ನಮ್ಮ ಅಡುಗೆಮನೆಯ ಹಿಂದೆ,
ಬಟ್ಟೆ ಒಗೆಯುವ ತೊಟ್ಟಿಗೆ ಮುಖ ಮಾಡಿದ ಒಂದು ಕೋಣೆ.
ಮಂಚದಡಿ ಹಗ್ಗ ಬಿಗಿದ ಪೆಟ್ಟಿಗೆ,
ಕಪಾಟಿನ ಮೂಲೆಯಲ್ಲಿ ಬೇರೆಯೇ ಇಟ್ಟ ಅವಳ ಲೋಟ,
ಹಿಡಿ ಮುರಿದದ್ದು.
ಮೂವತ್ತೊಂದು ವರ್ಷ.
ಫೆಬ್ರವರಿಯಲ್ಲಿ ಹದಿನೈದು ದಿನ ಎಲ್ಲಿಗೋ ಹೋಗಿ
ಕೂದಲಲ್ಲಿ ಸೌದೆಯ ಹೊಗೆ ತುಂಬಿಕೊಂಡು ಬರುತ್ತಿದ್ದಳು.
ಎಲ್ಲಿಗೆ ಅಂತ ಕೇಳಿದ ನೆನಪಿಲ್ಲ.
ದೀಪ ಆರಿಸಿದ ಮೇಲೆ ಬೆಳಕು ಎಲ್ಲಿ ಹೋಯಿತೆಂದು
ಯಾರು ಕೇಳುತ್ತಾರೆ.

ಮೂವರೂ ಹೊರಟೆವು. ಗಾಸ್ಪಾರನ ಕಾರು,
ಬೆರ್ನಾರ್ದಾಳ ಬೆನ್ನುನೋವು, ನನ್ನ ಜಗಳಗಂಟ ಮೌನ.
ಅಮ್ಮನ ಆಸ್ತಿ ಹಂಚಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.
ಚಕಾವ್ ಕಡವಿನಲ್ಲಿ ಕಾರನ್ನು ಹಡಗಿಗೇರಿಸಿ
ಚಿಲೊಯೆ ದ್ವೀಪದ ಮಂಜಿಗೆ ಇಳಿದೆವು.

ಗುಡ್ಡದ ಅಂಚಲ್ಲಿ ಹಳದಿ ಹಲಗೆಯ ಮನೆ.
ನಮ್ಮ ಹಾಲುಹಲ್ಲು, ಮಂಡಿಯ ಗಾಯ, ದಡಾರ, ಗುಣಾಕಾರದ ಮಗ್ಗಿ,
ಇಷ್ಟಕ್ಕೆಲ್ಲ ಸಂದ ಸಂಬಳ ಹಲಗೆ ಹಲಗೆಯಾಗಿ ನಿಂತಿತ್ತು.
ಈಗ ನೆಲ ಮಾರಿದ್ದಾನೆ ಅಣ್ಣನ ಮಗ:
"ಮನೆ ಅತ್ತೆಯದು, ಬೇಕಾದರೆ ಒಯ್ಯಲಿ."
ಒಯ್ಯುತ್ತಾಳೆ. ಅಲ್ಲಿ ಹಾಗೆಯೇ.
ಮನೆಯನ್ನು ಬುಡಸಮೇತ ಎತ್ತಿ, ದಿಮ್ಮಿಗಳ ಮೇಲೆ ಕೂರಿಸಿ,
ಎತ್ತು ಕಟ್ಟಿ, ಊರೆಲ್ಲ ಮಿಣಿ ಹಿಡಿದು ಎಳೆಯುತ್ತಾರೆ.
ಕೂಲಿಯಿಲ್ಲ. ಹೊಟ್ಟೆ ತುಂಬ ಊಟ.

ನೊಗಕ್ಕೆ ಹನ್ನೆರಡು ಜೊತೆ ಎತ್ತು.
ಮಿಣಿಗೆ ಜನ ಹಚ್ಚುತ್ತಿದ್ದ ಮುದುಕ ನಮ್ಮ ಬೂಟು ನೋಡಿದ,
ಅಂಗೈ ನೋಡಿದ, ಯಾರ ಕಡೆಯವರು ಅಂದ.
ನಾವು ತಡವರಿಸುವಷ್ಟರಲ್ಲಿ ಯಾರೋ ಹೆಂಗಸು ಕೂಗಿದಳು:
"ಒಟಿಲಿಯಾಳ ಮಕ್ಕಳು ಕಣೋ, ಉತ್ತರದವು!
ಆ ಬೋಳುತಲೆಯವನೇ ನಾಯಿ ಕಂಡರೆ ಹೆದರೋನು."
ಊರಿಗೆಲ್ಲ ಗೊತ್ತಿತ್ತು. ಪ್ರತಿ ಫೆಬ್ರವರಿ
ನಮ್ಮನ್ನು ಹೊತ್ತು ತಂದು ಹರವಿದ್ದಳು ಇಲ್ಲಿ,
ಪೆಟ್ಟಿಗೆಯಲ್ಲಿ ಬೇರೆ ಏನಿತ್ತೋ ನಾನರಿಯೆ.

ಒಳಗಿನದೆಲ್ಲ ಖಾಲಿ ಮಾಡಬೇಕು, ಅದು ಕ್ರಮ.
ಒಲೆ ಮಾತ್ರ ಆರಿಸಲಾರೆ ಅಂದಳು.
ಹಾಗಾಗಿ ಮನೆ ನಡೆಯಿತು,
ಕೊಳವೆಯಿಂದ ಹೊಗೆ ಬಿಡುತ್ತ, ಚಿಕ್ಕ ರೈಲಿನ ಹಾಗೆ,
ಆಲೂಗಡ್ಡೆ ಹೊಲಗಳ ನಡುವೆ.
ಕಿಟಕಿಯಲ್ಲಿ ಅವಳು. ಇಳಿಯಲೇ ಇಲ್ಲ.
"ಒಂದು! ಎರಡು! ಮೂರು!"
ರಸ್ತೆ ದಾಟಿಸುವಾಗ, ಟ್ರ್ಯಾಮು ಹತ್ತಿಸುವಾಗ
ನಮ್ಮ ನೆತ್ತಿ ಮುಟ್ಟಿ ಎಣಿಸುತ್ತಿದ್ದ ಅದೇ ದನಿ.
ಮೂರಕ್ಕೆ ಊರು ಎಳೆಯಿತು.
ಮೂರು ನಾನು.
ಮಿಣಿ ಅಂಗೈ ಸುಲಿಯಿತು. ಗಾಸ್ಪಾರ್ ಕೆಸರಲ್ಲಿ ಬಿದ್ದ.
ಬೆರ್ನಾರ್ದಾ ನಕ್ಕಳು; ಐದು ವರ್ಷವಾಗಿತ್ತು
ಆ ನಗೆ ಕೇಳಿ.

ಕತ್ತಲಾಯಿತು. ಹೊಸ ಜಾಗ ಇನ್ನೂ ಅರ್ಧ ಮೈಲಿ.
ಎತ್ತು ಬಿಚ್ಚಿದರು. ಮನೆಯನ್ನು ನಡುರಸ್ತೆಯಲ್ಲೇ ಬಿಟ್ಟರು.
ತುರಿದ ಆಲೂಗಡ್ಡೆಯ ರೊಟ್ಟಿ, ಹಂದಿಯ ಕೊಬ್ಬು, ಬಿಸಿ ಸೇಬಿನ ಮದ್ಯ.
ನಾನು ಹಿಡಿ ಮುರಿದ ಲೋಟದಲ್ಲಿ ಕುಡಿದೆ.
ಅದೇ ಲೋಟ. ಬೇಕೆಂದೇ ಕೊಟ್ಟಳೋ,
ಕೈಗೆ ಸಿಕ್ಕಿತೆಂದು ಕೊಟ್ಟಳೋ, ಕೇಳಲು ಧೈರ್ಯವಾಗಲಿಲ್ಲ.

ಓರೆಯಾಗಿ ನಿಂತ ಆ ಮನೆಯ ನೆಲದ ಮೇಲೆ
ಸಾಲಾಗಿ ಮಲಗಿದೆವು, ಐವತ್ತು ದಾಟಿದ ಮೂವರು.
ರಾತ್ರಿ ಯಾವಾಗಲೋ ಹಲಗೆ ಕಿರುಗುಟ್ಟಿತು.
ಅವಳು, ಬರಿಗಾಲಲ್ಲಿ.
ಬಗ್ಗಿ, ಸೊಂಟ ಹಿಡಿದು, ಮತ್ತೆ ಬಗ್ಗಿ,
ಒಬ್ಬೊಬ್ಬರ ಹಣೆಗೂ ಹಿಂಗೈ ಇಟ್ಟು ನೋಡಿದಳು.
ನಾನು ಕಣ್ಣು ತೆರೆಯಲಿಲ್ಲ.
"ಜ್ವರ ಇಲ್ಲ," ಅಂದಳು ತನಗೇ.
ಹೋಗಿ ಒಲೆಗೆ ಇನ್ನೊಂದು ಕೊರಡು ತುರುಕಿದಳು.