ಎತ್ತಿ ಕುಡಿಯುವ ನೀರು

ಬಂದ ಮೊದಲ ದಿನವೇ ಕೊಡ ಮುಟ್ಟಿಬಿಟ್ಟೆ.
ಬಾಯಾರಿತ್ತು, ಅಷ್ಟೇ.
ಹರಿಕಲಾ ಏನೂ ಅನ್ನಲಿಲ್ಲ.
ತಾಮ್ರದ ಗಾಗ್ರಿಯನ್ನು ಎತ್ತಿ ಸಾಸಿವೆ ಮಡಿಗೆ ಸುರಿದು
ಮತ್ತೆ ಇಳಿದಳು ಧಾರೆಗೆ,
ಮುನ್ನೂರು ಮೆಟ್ಟಿಲು, ಮಂಡಿನೋವಿನ ಮುದುಕಿ.
ಅವಳು ಏದುಸಿರಿಡುತ್ತ ಏರುವುದನ್ನು
ಕಿಟಕಿಯಲ್ಲಿ ನಿಂತು ನೋಡಿದೆ.
ಕೈ ಕೊಡುವಂತೆಯೂ ಇಲ್ಲ:
ಕೊಟ್ಟರೆ ಇನ್ನೊಂದು ಮುನ್ನೂರು.

ನಮ್ಮ ಫಾರೋ ದ್ವೀಪದಲ್ಲಿ ಮರಗಳಿಲ್ಲ.
ಗಾಳಿ, ಕುರಿ, ಒಣಮೀನು,
ಕಡಲು ಕೊಟ್ಟ ಅಪ್ಪ, ಕಡಲೇ ಇಟ್ಟುಕೊಂಡ ಅಣ್ಣ.
ಹುಲ್ಲು ಬೆಳೆದ ಮಾಡಿನ ಪುಟ್ಟ ಇಗರ್ಜಿಯಲ್ಲಿ
ತಲೆಯ ಮೇಲೆ ಕೈಯಿಟ್ಟು ಕಳಿಸಿದರು:
ಹೋಗು ಸುನ್ನುವಾ, ಬೆಳಕಾಗು.
ಪಾಲ್ಪಾದ ಈ ಗುಡ್ಡದಲ್ಲಿ ಆರರಿಂದ ಒಂಬತ್ತು
ದಿನಾ ಕರೆಂಟು ಇಲ್ಲ.
ಕ್ಷಯದ ಮಾತ್ರೆಗಳನ್ನು ಹರಿಕಲಾಳ ಲಾಟೀನಿನಲ್ಲಿ ಎಣಿಸುತ್ತೇನೆ.

ಇವರ ಮಾತಿನಲ್ಲಿ ‘ನೀನು’ವಿಗೆ ಮೂರು ಪಾವಟಿಗೆ:
ತಂ, ತಿಮಿ, ತಪಾಯಿಂ.
ನಾಯಿಯನ್ನು ತಪಾಯಿಂ ಎಂದು ಕರೆದು, ದೊಡ್ಡ ಡಾಕ್ಟರಿಗೆ
ತಂ ಎಂದೆ.
ವಾರ್ಡಿಗೆ ವಾರ್ಡೇ ಕೆಮ್ಮುತ್ತ ನಕ್ಕಿತು.
ದೇವರಿಗೆ ಯಾವುದು, ಕೇಳಿದೆ ಹರಿಕಲಾಳನ್ನು.
“ಜಗಳಕ್ಕೆ ತಂ. ಉಳಿದ ಹೊತ್ತು
ಮಾತೆಲ್ಲಿ? ಗಂಟೆ ಬಾರಿಸುತ್ತೇನೆ.”

ಮೂರು ತಿಂಗಳಿಗೊಮ್ಮೆ ಊರಿನ ಸಭೆಯಿಂದ ಫಾರಂ ಬರುತ್ತದೆ.
ಎಷ್ಟು ಮನೆ? ಎಷ್ಟು ಮಂದಿ? ಎಷ್ಟು ಆತ್ಮ?
ನಾನು ಬರೆಯುತ್ತೇನೆ:
ಕಫದ ಪರೀಕ್ಷೆ ನೂರಾ ಹನ್ನೆರಡು.

ದಶೈಂ ಬಂತು.
ಮೊಸರು, ಅಕ್ಕಿ, ಕೆಂಪು ಕಲಸಿದ ಟೀಕಾ
ಮಗನಿಗೆ, ಸೊಸೆ ದಿಲ್ಸರಾಗೆ, ಹಾಲಿನವನ ಮಗುವಿಗೂ ಇಟ್ಟು
ಉಳಿದದ್ದನ್ನು ಬೆರಳ ತುದಿಯಲ್ಲಿ ಹಿಡಿದು
ನನ್ನೆದುರು ಬಂದು ನಿಂತಳು.
ಹಿಂದೆ ಸರಿದೆ. ಅರ್ಧ ಹೆಜ್ಜೆ, ಹೆಚ್ಚಿಲ್ಲ.
ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.
ರಾತ್ರಿಯಿಡೀ ಆ ಅರ್ಧ ಹೆಜ್ಜೆಯನ್ನು ಅಳೆದೆ.
ಅವಳಿಗೆ ಕೊಡ, ನನಗೆ ಹಣೆ.
ಯಾರ ಮಡಿ ಹೆಚ್ಚು, ಕರ್ತನೇ?
ಅವಳಾದರೂ ನೀರು ಚೆಲ್ಲಿ ಮತ್ತೆ ತಂದಳು.

ಪುಸ್ ತಿಂಗಳ ನಡುರಾತ್ರಿ ಬಾಗಿಲು ಬಡಿದರು.
ದಿಲ್ಸರಾ ಕೊಟ್ಟಿಗೆಯಲ್ಲಿದ್ದಳು, ಎಮ್ಮೆಯ ಪಕ್ಕ,
ಒಣಹುಲ್ಲಿನ ಮೇಲೆ ಹಲ್ಲು ಕಚ್ಚಿಕೊಂಡು.
ಮಗುವಿನ ಕೊರಳಿಗೆ ಹೊಕ್ಕುಳ ಬಳ್ಳಿ ಎರಡು ಸುತ್ತು.
ಬಿಡಿಸಿದೆ. ತಲೆಕೆಳಗು ಮಾಡಿದೆ. ಉಜ್ಜಿದೆ.
ಎಮ್ಮೆ ಮೆಲುಕು ನಿಲ್ಲಿಸಿತು.
ಆಮೇಲೆ ಅಳು.
ನನ್ನ ಜನ ಡಿಸೆಂಬರಿನಲ್ಲಿ ಮರದಲ್ಲಿ ಕೆತ್ತಿ
ಹತ್ತಿ ಹರಡಿ ಸಿಂಗರಿಸುವ ಗೋದಲಿಗೆ
ಸಗಣಿಯ ವಾಸನೆ ಇರುತ್ತದೆಂದು
ಯಾರೂ ಹೇಳಿರಲಿಲ್ಲ ನನಗೆ.
ಹೇಳೋಣವೆಂದರೆ ಪದ ಬರಲಿಲ್ಲ.
ಕೈ ತೊಳೆಯಲು ಹೊರಗೆ ಹೋದೆ.

ಹನ್ನೊಂದು ದಿನ ಪುರುಡು.
ಬಾಣಂತಿಯನ್ನು ಅತ್ತೆ ಮುಟ್ಟುವಂತಿಲ್ಲ, ಗಂಡ ಸುಳಿಯುವಂತಿಲ್ಲ.
ಮುಟ್ಟಬಲ್ಲವಳು ಆ ಮನೆಯಲ್ಲಿ ಒಬ್ಬಳೇ,
ಯಾವ ದಿನವೂ ಮೈಲಿಗೆ ಕಳೆಯದವಳು.
ಹೊಸ್ತಿಲಾಚೆಯಿಂದ ಹರಿಕಲಾ ಜ್ವಾನೊ ಸಾರು ಇಡುವಳು,
ನಾನು ಒಳಗೆ ಒಯ್ಯುವೆ.
“ಬೆನ್ನಿಗೆ ಎಣ್ಣೆ ಹಚ್ಚು. ಹಾಗಲ್ಲ, ಒತ್ತಿ.
ನಿಮ್ಮ ದೇಶದಲ್ಲಿ ಬಲ ಇಲ್ಲವೇ?”
ಅವಳ ಕೈ ಅಲ್ಲಿ ಗಾಳಿಯಲ್ಲಿ ಆಡುವುದು,
ನನ್ನ ಕೈ ಇಲ್ಲಿ ಸೊಸೆಯ ಬೆನ್ನ ಮೇಲೆ.

ಹನ್ನೊಂದನೆಯ ದಿನ ಪುರೋಹಿತರು ಬಂದು ಹೆಸರಿಟ್ಟರು.
ಗೋಮೂತ್ರ ಚಿಮುಕಿಸಿದಾಗ
ಒಂದೆರಡು ಹನಿ ನನ್ನ ಮೇಲೂ ಬಿತ್ತು.
ಸರಿಯಲಿಲ್ಲ.
ಜಗಲಿಯಲ್ಲಿ ನನಗೆ ಎಲೆ. ಅಡುಗೆಮನೆಗಲ್ಲ, ಜಗಲಿಗೆ.
ಹರಿಕಲಾ ನೀರನ್ನು ಮೇಲಿಂದ ಬಿಟ್ಟಳು.
ತುಟಿ ತಾಗಿಸದೆ ಕುಡಿಯಲು ಹೋಗಿ
ಕೊರಳು, ರವಿಕೆ ಎಲ್ಲ ನೆಂದವು.
ಆಮೇಲೆ ಅಭ್ಯಾಸದಂತೆ ಕಣ್ಣು ಮುಚ್ಚಿದೆ.
ಅನ್ನ ಆರುತ್ತಿತ್ತು. ಸೌಟು ಹಿಡಿದು ಅವಳು ಕಾದಳು,
ನನ್ನ ತುಟಿ ನಿಲ್ಲುವ ತನಕ.
“ಸದ್ದಿಲ್ಲದ ಗಂಟೆ ನಿನ್ನದು,” ಅಂದಳು, “ಉಣ್ಣು.”

ತಂ ಎಂದಳು.
ಮಗಳಿಗೆ, ನಾಯಿಗೆ, ಜಗಳದ ದೇವರಿಗೆ ಅನ್ನುವ ಹಾಗೆ.

ಕೊಡವನ್ನು ಇವತ್ತಿಗೂ ಮುಟ್ಟುವುದಿಲ್ಲ.
ಫಾರಂ ಮೇಜಿನ ಮೇಲಿದೆ.