ಎಡೆಗೆ ಸಲ್ಲದ ಹಣ್ಣು

ಹೊತ್ತು ಮುಳುಗುವ ಮುಂಚೆ ಅಂಗಳದ ಬಟ್ಟೆಹಗ್ಗ ಬಿಚ್ಚು
ಅಂದರು ಅತ್ತೆ. ಬರುವವರ ಕೊರಳಿಗೆ ತೊಡರಬಾರದು.
ಬಿಚ್ಚಿದೆ.
ಒದ್ದೆ ಕಾಲುಚೀಲಗಳನ್ನು ಎಲ್ಲಿ ಹಾಕಲೆಂದು
ಕೇಳುವ ಧೈರ್ಯವಾಗಲಿಲ್ಲ.

ಈ ಮನೆಗೆ ಬಂದು ಏಳು ತಿಂಗಳು.
ಮಾವನನ್ನು ನಾನು ಕಂಡದ್ದು ಪಟದಲ್ಲಿ ಮಾತ್ರ:
ಬಿಸಿಲಿಗೆ ಕಣ್ಣು ಕಿರಿದಾದ ಪಿಲ್‌ದೋ,
ಯೋಸು ಬಂದರಿನ ದೋಣಿಯವ,
ನಲವತ್ತು ವರ್ಷ ಇರುಳ ನೀರಿಗೆ ದೀಪ ತೋರಿಸಿ
ಗಾಲ್ಚಿ ಹಿಡಿದವ,
ಸಾಣೆ ಹಿಡಿದ ಕತ್ತಿಯಂಥ ಉದ್ದನೆ ಮೀನು.

ಕೆಂಪು ಹಣ್ಣು ಮೂಡಲಿಗೆ, ಬಿಳಿಯದು ಪಡುವಲಿಗೆ.
ಮೀನು ಮೂಡಲಿಗೆ, ಮಾಂಸ ಪಡುವಲಿಗೆ.
ಬೆಳ್ಳುಳ್ಳಿ ಬೇಡ, ಮೆಣಸಿನಪುಡಿ ಬೇಡ,
ಉಪ್ಪು ನೋಡಲೆಂದೂ ನಾಲಗೆಗೆ ಹಚ್ಚಬೇಡ.
ಅತ್ತೆ ಹೇಳುತ್ತ ಹೋದರು.
ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ,
ಹಿಟ್ಟು ಕಲಸುವಾಗ
ಮೂಡಲು ಅಳಿಸಿಹೋಯಿತು.

ಮಾವನ ಗಾಲ್ಚಿ? ಅಂದೆ.
‘ಚಿ’ ಎಂದು ಮುಗಿಯುವ ಮೀನು ಎಡೆಗೆ ಸಲ್ಲದು.
ಯಾಕೆ?
ನನ್ನತ್ತೆ ಹಾಗಂದಿದ್ದರು.

ಬುಟ್ಟಿಯಲ್ಲಿ ಪೀಚ್ ಹಣ್ಣು, ಈ ತಿಂಗಳಿನವು,
ಮೈಯೆಲ್ಲ ನವಿರು, ಒಂದು ಕೆನ್ನೆ ಮಾತ್ರ ಕೆಂಪು.
ತಟ್ಟೆಗಿಡಲು ಕೈ ಚಾಚಿದೆ. ಅತ್ತೆ ಮಣಿಕಟ್ಟು ಹಿಡಿದರು:
ಪೀಚಿನ ವಾಸನೆ ಬಡಿದರೆ
ಸತ್ತವರು ಹೊಸಿಲು ದಾಟುವುದಿಲ್ಲ, ಹುಡುಗಿ.
ಬುಟ್ಟಿಯನ್ನು ಹೊತ್ತೊಯ್ದು
ಮಗನ ಸ್ಕೂಟರಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು.
ಮತ್ತೆ ತಂದದ್ದಾದರೂ ಯಾಕೆ,
ಸಂತೆಯಲ್ಲಿ ಒಂದೊಂದನ್ನೂ ಮೂಸಿ ನೋಡಿ?

ಹನ್ನೊಂದು ಗಂಟೆ. ಬಾಗಿಲು ಒಂದು ಗೇಣು ತೆರೆದಿತ್ತು.
ಹೆಸರು ಬರೆದ ಕಾಗದದ ಮುಂದೆ ನನ್ನ ಗಂಡ
ಬಟ್ಟಲನ್ನು ಧೂಪದ ಹೊಗೆಯ ಮೇಲೆ ಮೂರು ಸುತ್ತು ತಿರುಗಿಸಿ
ಅಕ್ಕಿಯ ಮದ್ಯ ಇಟ್ಟ.
ಗಂಡಸರು ಎರಡು ಸಲ ಅಡ್ಡಬಿದ್ದರು, ನಾನು ನಾಲ್ಕು ಸಲ;
ನಾಲ್ಕನೆಯದಕ್ಕೆ ಏಳುವಾಗ ಲಂಗದ ಅಂಚು ತುಳಿದು ಮುಗ್ಗರಿಸಿದೆ.
ಮೈದುನ ನಗು ನುಂಗಿಕೊಂಡ.

ಅನ್ನದ ನಡುವೆ ಚಮಚ ನೆಟ್ಟು
ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು.
ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ತಲೆ ತಗ್ಗಿಸಿರಬೇಕು.
ನಾನು ಎಣಿಸುತ್ತಿದ್ದೆ. ಆರಕ್ಕೇ ಅತ್ತೆ ಪಿಸುಗುಟ್ಟಿದರು:
ಅವರದಾಯಿತು. ನಿಂತೇ ಉಂಡು ರೂಢಿ,
ಅಲೆ ಕಾಯುತ್ತದೆಯೇ?

ಗಂಡ ಮೂರು ಸಲ ಕೆಮ್ಮಿದ,
ಒಳಗಿದ್ದವರಿಗೆ ನಾವು ಬಂದೆವೆಂದು ತಿಳಿಯಲಿ ಎಂದು.
ಅನ್ನ ಹಾಗೇ ಇತ್ತು. ಚಮಚ ಕೊಂಚ ವಾಲಿತ್ತು.
ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಕಾಗದ ಸುಟ್ಟು, ಎಡೆಯ ಸೊಪ್ಪು ಅನ್ನಕ್ಕೆ ಕಲಸಿ
ನಡುರಾತ್ರಿಯಲ್ಲಿ ಎಲ್ಲರೂ ಉಂಡೆವು.
ಹಿತ್ತಾಳೆ ಬಟ್ಟಲುಗಳನ್ನು ತೊಳೆದು ಬಗ್ಗಿಸಿ
ಹೊರಗೆ ಬಂದರೆ,
ಗೇಟಿನಾಚೆಯ ಮೆಟ್ಟಿಲ ಮೇಲೆ ಕೂತಿದ್ದಾರೆ ಓಕ್‌ಬುನ್,
ನನ್ನ ಅತ್ತೆ, ಮೊಣಕಾಲ ಮೇಲೆ ಚಾಕು,
ಪೀಚಿನ ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತಿದೆ.

ಬರುವವರಿಗೆ ಅಡ್ಡಿ, ಅಂದರು, ನಾನೇನೂ ಕೇಳುವ ಮೊದಲೇ,
ಹೋಗುವವರಿಗೆ ಏನಡ್ಡಿ?
ಸೀಳಿ ಒಂದು ಹೋಳನ್ನು ಪಕ್ಕದ ಕಲ್ಲಿನ ಮೇಲಿಟ್ಟರು,
ದೋಣಿಗಳ ಕಡೆಗೆ ಮುಖ ಮಾಡಿ.
ಇನ್ನೊಂದನ್ನು ತಾವು ಕಚ್ಚಿದರು.
ರಸ ಮೊಣಕೈವರೆಗೆ ಹರಿಯಿತು, ಒರೆಸಿಕೊಳ್ಳಲಿಲ್ಲ.

ಕಾಲುಚೀಲಗಳು ಬಕೆಟ್ಟಿನಲ್ಲೇ ಇದ್ದವು.
ಹಗ್ಗ ಕಟ್ಟಲೇ, ಅಂದೆ.
ಇರು, ಅಂದರು.
ಇನ್ನೂ ತಿನ್ನುತ್ತಿದ್ದಾರೆ.